ಕೈ ಚಾಚೋ ಮೊದಲೇ ಕೈ ಮುಗಿಯಿರಿ: ರೋಗದ ಕಾಲದಲ್ಲಿ ಮುಟ್ಟದೆ ಮಾತಾಡಿಸುವುದು ಹೇಗೆ?

2020ರ ಜೂನ್ ತಿಂಗಳು. ಮದುವೆಗೆ 50 ಜನ ಮೀರಬಾರದು ಎಂಬ ನಿಯಮ ಇದ್ದ ಕಾಲ. ಹಳ್ಳಿಯಲ್ಲಿ ನೆಂಟರ ಮನೆ ಮುಂದೆ ಚಪ್ಪರ ಹಾಕಿದ್ದರು. ನಾನು ಒಳಗೆ ಕಾಲಿಡುತ್ತಿದ್ದಂತೆ ಅಪ್ಪನ ಹಳೇ ಸ್ನೇಹಿತರೊಬ್ಬರು ಎದುರಾದರು. ನಾನು ಕೈ ಮುಗಿದೆ. ಅಷ್ಟರಲ್ಲಿ ಅವರು ಬಲಗೈ ಚಾಚಿಬಿಟ್ಟಿದ್ದರು. ನನ್ನ ನಮಸ್ಕಾರ ಕಂಡು ಅವರು ಕೈ ಹಿಂದಕ್ಕೆಳೆದುಕೊಂಡರು. ಅವರ ಕೈ ಕಂಡು ನಾನು ನನ್ನ ಕೈ ಚಾಚಿದೆ. ಅವರು ಮತ್ತೆ ಚಾಚಿದರು, ನಾನು ಮತ್ತೆ ಮುಗಿದೆ. ಕೊನೆಗೆ 'ಬಿಡಪ್ಪ, ಮೊಣಕೈ ಕೊಡು' ಎಂದು ಅವರೇ ಮುಂದೆ ಬಂದರು. ಅವರ ಎಡಗೈಯಲ್ಲಿ ಕಾಫಿ ಲೋಟ ಇದ್ದದ್ದು ಇಬ್ಬರಿಗೂ ಮರೆತೇ ಹೋಗಿತ್ತು. ಅರ್ಧ ಕಾಫಿ ನನ್ನ ಬಿಳಿ ಪಂಚೆಗೆ, ಇನ್ನರ್ಧ ನೆಲಕ್ಕೆ. ಮುಹೂರ್ತ ಮುಗಿಯೋವರೆಗೂ ಶಲ್ಯದಲ್ಲಿ ಆ ಕಲೆ ಮುಚ್ಚಿಕೊಂಡೇ ಓಡಾಡಿದೆ.

ಕೈ ಮುಗಿಯೋದನ್ನೂ ಹೇಳಿಕೊಡಬೇಕಾ ಅಂತ ನಗಬೇಡಿ. 2020ರ ಮಾರ್ಚ್ 9ರಂದು ನೆದರ್ಲೆಂಡ್ಸ್‌ನ ಪ್ರಧಾನಿ ಮಾರ್ಕ್ ರುಟ್ಟೆ ಟಿವಿ ಕ್ಯಾಮೆರಾಗಳ ಮುಂದೆ ನಿಂತು, ಇನ್ನು ಯಾರೂ ಕೈ ಕುಲುಕಬೇಡಿ ಎಂದು ದೇಶಕ್ಕೆ ಹೇಳಿದರು. ಮಾತು ಮುಗಿಸಿದವರೇ ಪಕ್ಕದಲ್ಲಿದ್ದ ಆರೋಗ್ಯ ಅಧಿಕಾರಿಯ ಕೈ ಕುಲುಕಿದರು! ಆಮೇಲೆ ನೆನಪಾಗಿ ನಕ್ಕರು. ಕರ್ನಾಟಕದ ಮೊದಲ ಕೋವಿಡ್ ಪ್ರಕರಣದ ಸುದ್ದಿ ಹೊರಬಿದ್ದದ್ದೂ ಅದೇ ದಿನ. ಪ್ರಧಾನಿಗೇ ಹಾಗಾದರೆ ನಾವೆಷ್ಟರವರು? ಕೈಗೆ ಅದರದೇ ಅಭ್ಯಾಸ ಇರುತ್ತದೆ. ಅದನ್ನು ಬಿಡಿಸಲು ಮನಸ್ಸು ಮಾಡಿದರೆ ಸಾಲದು, ರೂಢಿ ಮಾಡಬೇಕು.

ಮೊದಲು, ಬಂದಿರೋದು ಯಾವ ರೋಗ?

ಎಲ್ಲ ರೋಗಕ್ಕೂ ಕೈ ಕುಲುಕೋದೇ ಕಾರಣ ಅಲ್ಲ. ಡೆಂಗಿ ಬರೋದು ಸೊಳ್ಳೆಯಿಂದ. ಮಲೆನಾಡಿನ ಮಂಗನ ಕಾಯಿಲೆ ಬರೋದು ಉಣುಗು ಕಚ್ಚಿ. ಆ ಜ್ವರ ಬಂದವರನ್ನು ಕಂಡು ದೂರ ಸರಿದರೆ ಅವರಿಗೆ ನೋವು, ನಿಮಗೆ ಲಾಭ ಏನೂ ಇಲ್ಲ. 2023ರ ಮಳೆಗಾಲದಲ್ಲಿ ಊರೂರಿಗೆ ಹಬ್ಬಿದ ಮದ್ರಾಸ್ ಐ ಇದೆಯಲ್ಲ, ಅದಕ್ಕೆ ಮಾತ್ರ ಕೈಯೇ ದೊಡ್ಡ ದಾರಿ. ಕಣ್ಣುಜ್ಜಿಕೊಂಡ ಕೈಯನ್ನು ನಿಮಗೆ ಕೊಟ್ಟರು, ನೀವು ನಿಮ್ಮ ಕಣ್ಣುಜ್ಜಿಕೊಂಡಿರಿ, ಮುಗೀತು.

ಕೋವಿಡ್, ಫ್ಲೂ ಥರದವು ಇವೆರಡರ ನಡುವೆ. ಅವು ಜಾಸ್ತಿ ಹರಡೋದು ಉಸಿರಿನಿಂದ, ಮಾತಿನಿಂದ, ಕೆಮ್ಮಿನಿಂದ. ಕೈಯ ಪಾಲು ಕಡಿಮೆ, ಆದರೆ ಇಲ್ಲ ಅಂತಲ್ಲ. ಆಸ್ಟ್ರೇಲಿಯಾದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆ ವಿದ್ಯಾರ್ಥಿಗಳು ಸರಾಸರಿ ಗಂಟೆಗೆ 23 ಸಲ ತಮ್ಮ ಮುಖ ಮುಟ್ಟಿಕೊಂಡಿದ್ದರು. ಅವರು ನಾಳೆ ಡಾಕ್ಟರಾಗುವವರು. ಗಲ್ಲಕ್ಕೆ ಕೈಯಿಟ್ಟು ಕೂರೋ ನಮ್ಮ ಲೆಕ್ಕ ಎಷ್ಟಿರಬಹುದು, ನೀವೇ ಯೋಚಿಸಿ.

ಇದರಿಂದ ತಿಳಿಯೋದು ಏನು ಅಂದರೆ, ಮುಖಕ್ಕೆ ಮುಖ ಕೊಟ್ಟು ಕೈ ಮುಗಿದರೆ ಆ ನಮಸ್ಕಾರಕ್ಕೆ ಅರ್ಧ ಬೆಲೆಯೂ ಇಲ್ಲ. ಮುಟ್ಟಬಾರದು, ಜೊತೆಗೆ ದೂರವೂ ನಿಲ್ಲಬೇಕು. ಆರಡಿ, ಎರಡು ಗಜ ಅಂತ ಆಗ ಫೋನ್ ರಿಂಗ್ ಆಗೋ ಮೊದಲೇ ಕೇಳಿ ಕೇಳಿ ಸಾಕಾಗಿತ್ತು. ಟೇಪು ಹಿಡಿದು ಅಳೆಯೋರು ಯಾರು? ಒಂದು ಮಂಚದ ಉದ್ದ ಅಂದುಕೊಳ್ಳಿ. ನಿಮ್ಮಿಬ್ಬರ ನಡುವೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ ಇರಲಿ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಅದೂ ಸಾಲದು. ಜಗಲಿ, ಅಂಗಳ, ತಾರಸಿ, ಮರದ ಕೆಳಗೆ, ಗಾಳಿಯಾಡುವ ಕಡೆ ಎಲ್ಲಾದರೂ ಸರಿ.

ಹತ್ತು ಹೆಜ್ಜೆ ದೂರದಲ್ಲೇ ಶುರು ಮಾಡಿ

ನಾನು ಪಂಚೆ ಹಾಳು ಮಾಡಿಕೊಂಡು ಕಲಿತದ್ದು ಇಷ್ಟು: ಯಾರು ಮೊದಲು ಕೈ ಎತ್ತುತ್ತಾರೋ ಅವರದ್ದೇ ನಡೆಯುತ್ತದೆ. ಎದುರಿನವರು ಕೈ ಚಾಚೋದು ಸುಮಾರು ಮೂರು ನಾಲ್ಕು ಹೆಜ್ಜೆ ದೂರ ಇದ್ದಾಗ. ಒಮ್ಮೆ ಚಾಚಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳೋದು ಯಾರಿಗೂ ಮುಜುಗರವೇ. ಅದಕ್ಕೆ ನಿಮ್ಮ ಕೆಲಸ ಹತ್ತು ಹೆಜ್ಜೆ ಆಚೆಯೇ ಮುಗಿದಿರಬೇಕು.

ಮೊದಲು ದನಿ. ದೂರದಿಂದಲೇ 'ಓಹೋ, ನಮಸ್ಕಾರ' ಅನ್ನಿ. ಕಿರುಚೋದು ಬೇಡ, ಕೇಳಿಸಿದರೆ ಸಾಕು. ಆಮೇಲೆ ನಿಲ್ಲಿ. ನಡೆಯುತ್ತಾ ಕೈ ಮುಗಿದರೆ ಅವರೂ ನಡೆಯುತ್ತಲೇ ಬಂದು ಮೈಮೇಲೆ ಬಿದ್ದಂತಾಗುತ್ತದೆ. ನೀವು ನಿಂತರೆ ಅವರೂ ತಾವಾಗೇ ನಿಲ್ಲುತ್ತಾರೆ. ಈಗ ಎರಡೂ ಕೈ ಎದೆಯ ಹತ್ತಿರ ಜೋಡಿಸಿ, ತಲೆ ಒಂಚೂರು ಬಾಗಿಸಿ. ಜೋಡಿಸಿದ ಕೈಯನ್ನು ತಕ್ಷಣ ಇಳಿಸಬೇಡಿ. ನೊಣ ಹೊಡೆದಂತೆ ಪಟ್ ಅಂತ ಮುಗಿದು ಬಿಡೋರಿದ್ದಾರೆ, ಆ ಖಾಲಿ ಕೈ ಕಂಡರೆ ಎದುರಿನವರಿಗೆ ಮತ್ತೆ ಹಿಡಿಯೋಣ ಅನ್ನಿಸುತ್ತದೆ. ಅವರು ಮರುನಮಸ್ಕಾರ ಮಾಡುವ ತನಕ ಕೈ ಹಾಗೇ ಇರಲಿ.

ಕೈ ಇಳಿಸುವಾಗ ಒಂದು ಪ್ರಶ್ನೆ ಕೇಳಿ. 'ಯಾವಾಗ ಬಂದ್ರಿ?' 'ಮಳೆ ಹೆಂಗಿದೆ ನಿಮ್ಮ ಕಡೆ?' 'ಊಟ ಆಯ್ತಾ?' ಇದು ಸುಮ್ನೆ ಉಪಚಾರದ ಮಾತಲ್ಲ. ಉತ್ತರ ಕೊಡುವುದರಲ್ಲಿ ಮನಸ್ಸು ತೊಡಗಿದರೆ ಕೈ ಸುಮ್ಮನಿರುತ್ತದೆ. ನಿಜ ಹೇಳಬೇಕೆಂದರೆ ನಮ್ಮವರು ಮಾತಾಡಿಸುತ್ತಿದ್ದದ್ದೇ ಹೀಗೆ. ರಸ್ತೆಯಲ್ಲಿ ಹೋಗೋರು ಗದ್ದೆಯಲ್ಲಿ ನಿಂತವರಿಗೆ 'ಏನಣ್ಣಾ, ನೀರು ಬಿಟ್ಯಾ?' ಅಂತ ಕೂಗೋರು. ಅವರು ಗುದ್ದಲಿ ಕೆಳಗಿಡದೆ 'ಹ್ಞೂಂ ಕಣಣ್ಣ, ಈಗ ಬಂತು ನೋಡು ಕರೆಂಟು' ಅನ್ನೋರು. ಉತ್ತರ ಕರ್ನಾಟಕದಲ್ಲಿ 'ಶರಣ್ರೀ', 'ಆರಾಮ್ ಅದೀರಿ?' ಅಂದರೆ ಮುಗೀತು. ಇಬ್ಬರ ನಡುವೆ ಎರಡು ಗಜ ಅಲ್ಲ, ಇಪ್ಪತ್ತು ಗಜ ಇದ್ದರೂ ಪ್ರೀತಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಕೈ ಕುಲುಕೋದು ಆಫೀಸಿನ ಜೊತೆ ಬಂದ ರೂಢಿ.

ಕೈಯಲ್ಲಿ ಸಾಮಾನಿದ್ದರೆ? ಬಲಗೈ ಎದೆಯ ಮೇಲಿಟ್ಟು ತಲೆ ಬಾಗಿಸಿ, ಸಾಕು. ಕೈ ಕುಲುಕುವವರೇ ತುಂಬಿರುವ ಸಭೆಗೆ ಹೋಗುವಾಗ ನಾನಂತೂ ಬೇಕೆಂದೇ ಬಲಗೈಯಲ್ಲಿ ಒಂದು ಫೈಲು, ಎಡಗೈಯಲ್ಲಿ ಚೀಲ ಹಿಡಿದುಕೊಂಡು ಹೋಗುತ್ತಿದ್ದೆ. ಫೈಲಿನಲ್ಲಿ ಏನೂ ಇರುತ್ತಿರಲಿಲ್ಲ.

ಮಾಸ್ಕ್ ಇದ್ದಾಗ ಇನ್ನೊಂದು ತೊಂದರೆ. ಗುರುತು ಸಿಗಲ್ಲ, ನಕ್ಕಿದ್ದು ಕಾಣಲ್ಲ. ಮೊದಲು ನಿಮ್ಮ ಹೆಸರು ಹೇಳಿ. 'ನಾನು, ಮೇಷ್ಟ್ರ ಮಗ' ಅಂತಾದರೂ ಹೇಳಿ. ನಗು ಕಣ್ಣಿಗೆ ಬರಲಿ, ಹುಬ್ಬು ಏರಿಸಿ, ತಲೆಯಾಡಿಸಿ. ಗುರುತು ಹಿಡಿಯಲಿ ಅಂತ ಮಾಸ್ಕ್ ಗಲ್ಲಕ್ಕೆ ಇಳಿಸಿ ಮಾತು ಶುರು ಮಾಡೋದು ಮಾತ್ರ ಬೇಡ. ಅಲ್ಲಿಯವರೆಗೆ ಹಾಕಿದ್ದೂ ದಂಡ ಆಗುತ್ತದೆ.

ಆದರೂ ಕೈ ಬಂದೇ ಬಿಟ್ಟರೆ

ಬರುತ್ತದೆ. ಅದೂ ನೀವು ಬೇಡ ಅನ್ನಲಾಗದವರಿಂದಲೇ ಬರುತ್ತದೆ: ಮೇಲಧಿಕಾರಿ, ಬೀಗರು, ಮನೆ ಮಾಲೀಕರು.

ಇಂಥ ಹೊತ್ತಲ್ಲಿ ತಪ್ಪನ್ನು ನಿಮ್ಮ ಕೈಮೇಲೆ ಹಾಕಿಕೊಳ್ಳಿ. 'ಈಗಷ್ಟೇ ಬಸ್ಸಿಂದ ಇಳಿದೆ ಸಾರ್, ಕೈ ತೊಳೆದಿಲ್ಲ' ಅಂದರೆ ಯಾರಿಗೂ ಅವಮಾನ ಇಲ್ಲ. 'ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ಬೇಜಾರು ಮಾಡ್ಕೋಬೇಡಿ' ಅನ್ನೋದು ಅದಕ್ಕಿಂತ ಗಟ್ಟಿ. ನಮ್ಮಲ್ಲಿ ಅಮ್ಮನ ಹೆಸರು ಹೇಳಿದ ಮೇಲೆ ವಾದ ಮಾಡೋರು ಕಡಿಮೆ. 'ನಿಮಗೆ ಇನ್ನೂ ಬುದ್ಧಿ ಬಂದಿಲ್ವಾ, ಪೇಪರ್ ಓದಲ್ವಾ' ಅಂತ ಪಾಠ ಮಾಡಲು ಹೋಗಬೇಡಿ. ಅವರು ಪಾಠವನ್ನೂ ಕಲಿಯಲ್ಲ, ನಿಮ್ಮನ್ನೂ ಮರೆಯಲ್ಲ.

ನೀವು ಚಾಚಿದ ಕೈಯನ್ನು ಎದುರಿನವರು ಹಿಡಿಯದಿದ್ದರೆ ಏನು ಮಾಡಬೇಕು ಅನ್ನೋದಕ್ಕೆ ಒಳ್ಳೆಯ ಉದಾಹರಣೆ ಇದೆ. 2020ರ ಮಾರ್ಚ್ 2ರಂದು ಬರ್ಲಿನ್‌ನ ಸಭೆಯೊಂದರಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ತಮ್ಮ ಗೃಹ ಸಚಿವರಿಗೆ ಕೈ ಚಾಚಿದರು. ಸಚಿವರು ಹಿಡಿಯಲಿಲ್ಲ. ಮರ್ಕೆಲ್ ನಕ್ಕು ಎರಡೂ ಕೈ ಮೇಲೆತ್ತಿ ತಮ್ಮ ಕುರ್ಚಿಯಲ್ಲಿ ಕೂತರು. ಅಷ್ಟೇ.

ಅಕಸ್ಮಾತ್ ಕೈ ಕೊಟ್ಟೇ ಬಿಟ್ಟಿರಾ? ಅವರೆದುರೇ ಸ್ಯಾನಿಟೈಸರ್ ತೆಗೆದು ಉಜ್ಜಿಕೊಳ್ಳಬೇಡಿ. ಅದಕ್ಕಿಂತ ಕೈ ಕೊಡದೇ ಇರೋದೇ ಮರ್ಯಾದೆ. ಆ ಕೈ ಮುಖಕ್ಕೆ ಹೋಗದಂತೆ ನೋಡಿಕೊಳ್ಳಿ. ಹಿಂದೆ ಕಟ್ಟಿಕೊಂಡು ನಿಂತರೆ ಸುಲಭ. ಅವಕಾಶ ಸಿಕ್ಕಿದ ಕೂಡಲೇ ಸೋಪು ಹಾಕಿ 20 ಸೆಕೆಂಡ್ ತೊಳೆಯಿರಿ.

ಮೊಣಕೈ ತಾಗಿಸೋದು, ಬೂಟಿಗೆ ಬೂಟು ತಾಗಿಸೋದು ಇವೆಲ್ಲ ಫೋಟೋಗೆ ಚೆನ್ನ. ಮೊಣಕೈ ತಾಗಿಸಬೇಕಾದರೆ ಒಂದು ಮೀಟರ್ ಒಳಗೇ ಬರಬೇಕು. ಇದೇ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರೇ 2020ರಲ್ಲಿ ಅದು ಬೇಡ ಎಂದು, ಎದೆಯ ಮೇಲೆ ಕೈಯಿಡೋದು ತಮಗೆ ಇಷ್ಟ ಎಂದಿದ್ದರು. ಮೇಲಾಗಿ ಕೆಮ್ಮು ಬಂದರೆ ಮೊಣಕೈಗೇ ಕೆಮ್ಮಿ ಅಂತ ಹೇಳಿಕೊಟ್ಟಿದ್ದೂ ಇದೇ ಕಾಲದಲ್ಲಿ ಅಲ್ವಾ?

ಹಿರಿಯರ ಕಾಲು

ಕೈ ಕುಲುಕೋದು ಬಿಡಬಹುದು. ಅಜ್ಜಿಯ ಕಾಲಿಗೆ ಬೀಳದೆ ಊರು ಬಿಡೋದು ಹೇಗೆ? ಇಲ್ಲಿ ನಮ್ಮ ಹಳೇ ಪದ್ಧತಿಯಲ್ಲೇ ದಾರಿ ಇದೆ. ದೇವರ ಗರ್ಭಗುಡಿಯೊಳಗೆ ಹೋಗಿ ಯಾರೂ ಕಾಲು ಹಿಡಿಯಲ್ಲ, ದೂರದಿಂದಲೇ ಅಡ್ಡಬೀಳುತ್ತೇವೆ. ಹಾಗೇ ಅಜ್ಜಿ ಜಗಲಿ ಮೇಲೆ ಕುರ್ಚಿಯಲ್ಲಿ ಕೂರಲಿ, ನೀವು ಅಂಗಳದಲ್ಲಿ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿ. ಆಶೀರ್ವಾದಕ್ಕೆ ತಲೆ ಮುಟ್ಟಲೇಬೇಕೆಂದಿಲ್ಲ, ಅಕ್ಷತೆ ಇದೆ. ಅಕ್ಷತೆಯನ್ನು ಎಸೆಯಲೆಂದೇ ಮಾಡಿದ್ದಾರೆ. ನಮ್ಮ ದೊಡ್ಡಮ್ಮ ಆ ವರ್ಷ ಜಗಲಿಯಿಂದಲೇ ಎಸೆದರು. ಅರ್ಧ ನನ್ನ ತಲೆಗೆ, ಉಳಿದದ್ದು ಒಣಹಾಕಿದ್ದ ಹಪ್ಪಳದ ಮೇಲೆ. 'ಹಪ್ಪಳಕ್ಕೂ ಒಳ್ಳೇದಾಗಲಿ ಬಿಡು' ಅಂದರು.

ಹಿರಿಯರಿಗೆ ಇದನ್ನು ಮೊದಲೇ ಫೋನಿನಲ್ಲಿ ಹೇಳಿ. ಬಾಗಿಲಲ್ಲಿ ನಿಂತು ಹೇಳಬೇಡಿ. ತಬ್ಬಿಕೊಳ್ಳಲು ಬಂದವರಿಗೆ 'ಹತ್ತಿರ ಬರಬೇಡಿ' ಅಂದರೆ ಆ ಮಾತು ಎಷ್ಟು ದಿನವಾದರೂ ಎದೆಯಲ್ಲಿ ಕೂತಿರುತ್ತದೆ. 'ಬರ್ತಿದೀವಿ ಅಮ್ಮಾ, ಆದರೆ ಈ ಸಲ ಅಂಗಳದಲ್ಲೇ ಕೂತು ಮಾತಾಡೋಣ, ಬೆಂಗಳೂರಿಂದ ಏನೇನು ಹೊತ್ತು ತರ್ತೀವೋ ಗೊತ್ತಿಲ್ಲ' ಅನ್ನಿ. ಮಕ್ಕಳಿಗೂ ಕಾರಿನಲ್ಲೇ ಹೇಳಿಕೊಡಿ, ಅಜ್ಜಿಗೆ ತೋರಿಸಲು ಒಂದು ಕೆಲಸ ಕೊಡಿ: ಹಾಡು, ಚಿತ್ರ, ಉದುರಿದ ಹಲ್ಲು. ಕೆಲಸ ಇಲ್ಲದ ಮಗು ಓಡಿ ಹೋಗಿ ತಬ್ಬಿಕೊಳ್ಳುತ್ತದೆ.

ಯಾರಿಂದ ದೂರ ನಿಲ್ಲುತ್ತಿದ್ದೀರಿ?

ಇದನ್ನು ಮಾರ್ಗದರ್ಶಿಯಲ್ಲಿ ಯಾಕೆ ಬರೀತೀರಿ ಅನ್ನಬಹುದು. ಬರೆಯಲೇಬೇಕು. ನಮ್ಮ ನೆಲದಲ್ಲಿ ಮುಟ್ಟದೇ ಇರೋದಕ್ಕೆ ಕೆಟ್ಟ ಚರಿತ್ರೆ ಇದೆ. ಮೇಲಿಂದ ನೀರು ಹೊಯ್ಯೋದು, ದುಡ್ಡನ್ನು ನೆಲಕ್ಕೆ ಹಾಕೋದು, ಬೇರೆ ಲೋಟ ಇಡೋದು. ಇದಕ್ಕೇ ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಬಂದದ್ದು. 2020ರಲ್ಲಿ 'ಸಾಮಾಜಿಕ ಅಂತರ' ಅನ್ನೋ ಮಾತು ಕೇಳಿದಾಗ ಮೈ ಉರಿದವರು ಬಹಳ ಜನ. ವಿಶ್ವ ಆರೋಗ್ಯ ಸಂಸ್ಥೆಯೂ ಆ ಮಾರ್ಚ್‌ನಲ್ಲೇ 'ದೈಹಿಕ ಅಂತರ' ಅನ್ನೋ ಮಾತಿಗೆ ಬಂತು. ದೂರ ಇರಬೇಕಾದ್ದು ಮೈ, ಮನುಷ್ಯರಲ್ಲ ಅಂತ.

ಅದಕ್ಕೆ ನಿಮ್ಮನ್ನೇ ಒಂದು ಸಲ ಪರೀಕ್ಷೆ ಮಾಡಿಕೊಳ್ಳಿ. ಬೆಳಗ್ಗೆಯಿಂದ ಸಂಜೆವರೆಗೆ ಯಾರಿಗೆ ಕೈ ಕೊಟ್ಟಿರಿ, ಯಾರಿಂದ ಹಿಂದೆ ಸರಿದಿರಿ? ಸಾಹೇಬರಿಗೆ ಕೈ ಕೊಟ್ಟು, ಮನೆಗೆಲಸದವರು ಬಂದಾಗ ಮೂಗಿಗೆ ಸೆರಗು ಹಿಡಿದಿದ್ದರೆ ಅದು ಕೋವಿಡ್ ಎಚ್ಚರಿಕೆ ಅಲ್ಲ. ನಾನಿದ್ದ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಲಿಫ್ಟ್ ಇಲ್ಲ ಎಂದು ಚೀಟಿ ಅಂಟಿಸಿದ್ದರು. ವಾರಕ್ಕೆರಡು ಸಲ ವಿಮಾನದಲ್ಲಿ ಓಡಾಡುತ್ತಿದ್ದವರು ಅದೇ ಲಿಫ್ಟಿನಲ್ಲಿ ಹೋಗುತ್ತಿದ್ದರು. ಆ ಚೀಟಿ ಕಿತ್ತುಹಾಕಲು ಎರಡು ಮೀಟಿಂಗ್ ಬೇಕಾಯಿತು.

ಮಾಡಬೇಕಾದ್ದು ಇಷ್ಟು: ಎಲ್ಲರಿಗೂ ಒಂದೇ ನಮಸ್ಕಾರ, ಒಂದೇ ದೂರ. ಕಸದ ಗಾಡಿಯವರು ಬಂದಾಗ ನೀವೇ ಮೊದಲು ಕೈ ಮುಗಿಯಿರಿ, ಹೆಸರು ಕೇಳಿ ತಿಳಿದುಕೊಳ್ಳಿ. ದುಡ್ಡೋ ಸಾಮಾನೋ ಕೊಡಬೇಕಿದ್ದರೆ ಎಸೆಯಬೇಡಿ. ಒಂದು ಸ್ಟೂಲ್ ಮೇಲಿಟ್ಟು ಹಿಂದೆ ಸರಿದು 'ತಗೊಳ್ಳಿ ಅಣ್ಣಾ' ಅನ್ನಿ. ಅವರು ಕೊಟ್ಟದ್ದನ್ನು ನೀವೂ ಹಾಗೇ ತೆಗೆದುಕೊಳ್ಳಿ.

ಕಣ್ಣು ಕಾಣದವರ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನೀವು ಕೈ ಮುಗಿದದ್ದು, ಎದೆ ಮುಟ್ಟಿಕೊಂಡದ್ದು ಅವರಿಗೆ ಕಾಣುವುದಿಲ್ಲ. ಹೆಸರು ಹೇಳಿ, 'ನಿಮ್ಮ ಬಲಕ್ಕೆ ನಿಂತಿದ್ದೀನಿ, ಕೈ ಮುಗೀತಿದ್ದೀನಿ' ಅನ್ನಿ. ಹೋಗುವಾಗಲೂ ಹೇಳಿ ಹೋಗಿ. ರಸ್ತೆ ದಾಟಲು ಸಹಾಯ ಬೇಕಾದರೆ ಮುಟ್ಟೋದೇ ಸರಿ. ನಿಮ್ಮ ಮೊಣಕೈ ಅವರು ಹಿಡಿದುಕೊಳ್ಳಲಿ, ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಇಬ್ಬರೂ ಕೈ ತೊಳೆದುಕೊಂಡರಾಯಿತು.

ಹಬ್ಬ, ಜಾತ್ರೆ

ದಸರಾ ಬನ್ನಿಯನ್ನು ಕೈಯಿಂದ ಕೈಗೆ ಕೊಡದೆ ತಟ್ಟೆಯಲ್ಲಿಡಿ, ಬಂದವರು ತಾವೇ ತೆಗೆದುಕೊಳ್ಳಲಿ. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನೋ ಮಾತಿಗೆ ಕೈ ತಾಗಬೇಕಿಲ್ಲ. ಎಳ್ಳು ಬೆಲ್ಲಕ್ಕೂ ಅದೇ, ಪೊಟ್ಟಣ ಕಟ್ಟಿಟ್ಟರೆ ಇನ್ನೂ ಸುಲಭ. ರಂಜಾನಿನಲ್ಲಿ ತಬ್ಬಿಕೊಳ್ಳುವ ಬದಲು ಎದೆ ಮೇಲೆ ಕೈಯಿಟ್ಟು ಸಲಾಂ ಹೇಳಬಹುದು. 2020ರ ಮೇ ತಿಂಗಳ ಈದ್ ಎಲ್ಲರೂ ಮನೆಯಲ್ಲೇ ಮಾಡಿದ್ದು ನೆನಪಿರಬೇಕು. ಚರ್ಚಿನಲ್ಲಿ ಶಾಂತಿ ಹಂಚಿಕೊಳ್ಳುವಾಗ ನಮ್ಮ ದೇಶದ ಕ್ರೈಸ್ತರಲ್ಲಿ ಅನೇಕರು ಮೊದಲಿಂದಲೂ ಕೈ ಮುಗಿಯುವವರೇ.

ಕಷ್ಟ ಆಗೋದು ದನದ ಜಾತ್ರೆಯಲ್ಲಿ. ಅಲ್ಲಿ ವ್ಯಾಪಾರ ನಡೆಯೋದೇ ಟವೆಲ್ ಕೆಳಗೆ ಬೆರಳು ಹಿಡಿದು. ಎಷ್ಟು ಬೆರಳು ಅದುಮಿದರೋ ಅಷ್ಟು ಸಾವಿರ, ಪಕ್ಕದವರಿಗೆ ರೇಟು ಗೊತ್ತಾಗಬಾರದು. ಇದಕ್ಕೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ದೂರದಿಂದ ತೋರಿಸಿದರೆ ಆಗುತ್ತದೆ. ಗುಟ್ಟೂ ಉಳಿಯುತ್ತದೆ. ಹಳೇ ದಲ್ಲಾಳಿಗಳು ಒಪ್ಪುತ್ತಾರಾ? ಬೆರಳಿನ ನಡುಕದಲ್ಲೇ ಎದುರಿನವರ ಮನಸ್ಸು ಓದೋರು ಅವರು, ಮೊಬೈಲಿನಲ್ಲಿ ಆ ನಡುಕ ಎಲ್ಲಿ ಸಿಗಬೇಕು!

ಸಾವಿನ ಮನೆ

ಎಲ್ಲಕ್ಕಿಂತ ಕಷ್ಟದ್ದು ಇದು. ಇಲ್ಲಿ ಯಾವ ಉಪಾಯವೂ ಪೂರ್ತಿ ಕೆಲಸ ಮಾಡುವುದಿಲ್ಲ. ಅಂತ್ಯಕ್ರಿಯೆಗೆ 20 ಜನ ಮಾತ್ರ ಎಂದಿದ್ದ ದಿನಗಳಲ್ಲಿ ಎಷ್ಟೋ ಜನ ಕೊನೇ ಮುಖವನ್ನೂ ನೋಡಲಾಗಲಿಲ್ಲ. ಹೆಗಲಿಗೆ ತಲೆಯಿಟ್ಟು ಅಳಬೇಕಾದವರ ಮುಂದೆ ಮಂಚದುದ್ದ ದೂರದಲ್ಲಿ ಕೈ ಮುಗಿದು ನಿಂತರೆ ಯಾರಿಗೆ ಸಮಾಧಾನ?

ಆದರೂ ಹೋಗಿ. ಅಂಗಳದಲ್ಲಿ ನಿಂತರೂ ಸರಿ, ನಿಮ್ಮನ್ನು ಅವರು ನೋಡಲಿ. ಬಂದ ಕೂಡಲೇ ಕೈ ಮುಗಿದು ಹೊರಡಬೇಡಿ, ಸ್ವಲ್ಪ ಹೊತ್ತು ಕೂತಿರಿ. ತೀರಿಕೊಂಡವರ ಹೆಸರು ಹೇಳಿ, ಅವರ ಜೊತೆ ನಿಮಗಿದ್ದ ಒಂದು ನೆನಪು ಹೇಳಿ. 'ಧೈರ್ಯ ತಗೊಳ್ಳಿ' ಅನ್ನೋದಕ್ಕಿಂತ 'ನನಗೆ ಸೈಕಲ್ ಕಲಿಸಿದ್ದು ಅವರೇ' ಅನ್ನೋದು ಹೆಚ್ಚು ಹತ್ತಿರ ಹೋಗುತ್ತದೆ. ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ, ಅನ್ನ ಸಾರು ಮಾಡಿಸಿ ಡಬ್ಬಿಯಲ್ಲಿ ತಂದು ಜಗಲಿ ಮೇಲಿಡಿ. ಹನ್ನೊಂದನೇ ದಿನ ಕಳೆದು, ಬಂದವರೆಲ್ಲ ಹೋದ ಮೇಲೆ ಫೋನ್ ಮಾಡಿ. ಮನೆ ಖಾಲಿ ಅನ್ನಿಸೋದು ಆಗಲೇ.

ಇಷ್ಟಾದರೂ ಯಾರಾದರೂ ಬಂದು ತಬ್ಬಿಕೊಂಡು ಅತ್ತರೆ ತಳ್ಳಬೇಡಿ. ಮಾಸ್ಕ್ ಇರಲಿ, ಮುಖ ಆ ಕಡೆ ತಿರುಗಿಸಿ, ಅವರು ಬಿಡುವ ತನಕ ಹಿಡಿದುಕೊಂಡಿರಿ. ಮನೆಗೆ ಹೋಗಿ ಸ್ನಾನ ಹೇಗೂ ಮಾಡುತ್ತೀರಿ. ಆಮೇಲೆ ಕೆಲವು ದಿನ ನಿಮ್ಮ ಮನೆಯ ವಯಸ್ಸಾದವರಿಂದ ದೂರ ಇದ್ದುಬಿಡಿ.

ಮತ್ತೆ ಕೈ ಕೊಡೋದು ಯಾವಾಗ?

ಕೋವಿಡ್ ಇನ್ನು ಜಾಗತಿಕ ತುರ್ತು ಸ್ಥಿತಿ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2023ರ ಮೇ 5ರಂದು. ಅಷ್ಟರೊಳಗೆ ನಮ್ಮ ಜನ ಕೈ ಕುಲುಕಿ, ತಬ್ಬಿ, ಕಾಲು ಹಿಡಿದು ಎಲ್ಲ ಮಾಡಿ ಆಗಿತ್ತು. ಮುಂದಿನ ಸಲವೂ ಹಾಗೇ ಆಗುತ್ತದೆ. ಎಲ್ಲರೂ ಒಂದೇ ದಿನ ಶುರು ಮಾಡಲ್ಲ. ಕೆಲವರಿಗೆ ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುತ್ತಾರೆ, ಹಸುಗೂಸು ಇರುತ್ತದೆ. ಅದಕ್ಕೆ ಎದುರಿನವರು ಕೈ ಮುಗಿದರೆ ನೀವೂ ಮುಗಿಯಿರಿ, ಯಾಕೆ ಅಂತ ಕೇಳಬೇಡಿ. ಅವರಾಗೇ ಕೈ ಚಾಚಿದರೆ, ನಿಮಗೂ ಸರಿ ಅನ್ನಿಸಿದರೆ ಹಿಡಿಯಿರಿ.

ಇನ್ನೊಂದು ರೂಢಿಯನ್ನು ಮಾತ್ರ ಬಿಡಬೇಡಿ. ನೆಗಡಿ, ಕೆಮ್ಮು ನಿಮಗೇ ಇದ್ದರೆ ನೀವೇ ಮೊದಲು ಹೇಳಿಬಿಡಿ: 'ನೆಗಡಿ ಆಗಿದೆ, ಕೈ ಕೊಡಲ್ಲ.' ಹಿಂದೆಲ್ಲ ಹೀಗಂದರೆ ಬಿಂಕ ಅಂದುಕೊಳ್ಳುತ್ತಿದ್ದರು. ಈಗ 'ಸರಿ ಸರಿ, ಮೊದಲು ಕಷಾಯ ಕುಡೀರಿ' ಅನ್ನುತ್ತಾರೆ. ಮೆಣಸೆಷ್ಟು, ಶುಂಠಿಯೆಷ್ಟು, ಜೀರಿಗೆ ಹುರಿದು ಹಾಕಬೇಕೋ ಹಸಿಯೋ ಅಂತ ಆಮೇಲೆ ಹತ್ತು ನಿಮಿಷ ನಿಂತು ಕೇಳಿಸಿಕೊಳ್ಳಬೇಕು, ಅದೊಂದೇ ತೊಂದರೆ.